ಚಾವಣಿ ಮೇಲೆ ಉಳಿದ ಲೋಟ ನೀರು: ಸೋಲಾರ್ ಈಜುಕೊಳ ಹೀಟರ್‌ಗೆ ಚಳಿಗಾಲದ ತಯಾರಿ

ನಾಳೆ ರಾತ್ರಿ ಉಷ್ಣಾಂಶ ಸೊನ್ನೆ ಡಿಗ್ರಿ ಹತ್ತಿರಕ್ಕೆ ಇಳಿಯಬಹುದು ಅಂತ ಹವಾಮಾನ ವರದಿ ಬಂತು ಅಂದರೆ, ಈಜುಕೊಳಕ್ಕೆ ಸೋಲಾರ್ ಹೀಟರ್ ಹಾಕಿಸಿದವರು ಒಮ್ಮೆ ತಲೆ ಎತ್ತಿ ಚಾವಣಿ ನೋಡುತ್ತಾರೆ. ಬೇಸಿಗೆ ಪೂರ್ತಿ ಕೊಳದ ನೀರನ್ನು ಬೆಚ್ಚಗೆ ಇಟ್ಟಿದ್ದ ಕಪ್ಪು ಪ್ಯಾನೆಲ್‌ಗಳು ಅಲ್ಲೇ ಹರಡಿಕೊಂಡಿರುತ್ತವೆ. ಅವಕ್ಕೆ ಏನಾದರೂ ಮಾಡಬೇಕಾ? ಸ್ವಿಚ್ ಆಫ್ ಮಾಡಿದರೆ ಸಾಕಾಗಲ್ವಾ?

ಸಾಕಾಗುವುದಿಲ್ಲ. ಸ್ವಿಚ್ ಆಫ್ ಮಾಡಿದರೆ ಪಂಪು ನಿಲ್ಲುತ್ತದೆ, ಅಷ್ಟೆ. ನೀರು ಇದ್ದಲ್ಲೇ ಇರಬಹುದು. ಒಣಗಿದ ಪ್ಯಾನೆಲ್ ಸಾಮಾನ್ಯವಾಗಿ ಚಳಿಗೆ ಜಗ್ಗುವುದಿಲ್ಲ. ಒಳಗೆ ಉಳಿದುಕೊಂಡ ಒಂದು ಲೋಟ ನೀರು ಮಾತ್ರ ಒಂದೇ ರಾತ್ರಿಯಲ್ಲಿ ಅದನ್ನು ಸೀಳಿಬಿಡಬಹುದು. ಚಳಿಗಾಲದ ತಯಾರಿ ಅಂದರೆ ಮುಕ್ಕಾಲು ಪಾಲು ಆ ಲೋಟ ನೀರನ್ನು ಹುಡುಕಿ ಹೊರಗೆ ಹಾಕುವ ಕೆಲಸವೇ.

ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ?

ಸ್ನಾನದ ನೀರು ಕಾಯಿಸುವ ಸೋಲಾರ್ ಹೀಟರ್ ನೋಡಿದವರಿಗೆ ಇದು ಸ್ವಲ್ಪ ಬೇರೆ ಥರ ಕಾಣುತ್ತದೆ. ಇದರಲ್ಲಿ ಗಾಜಿಲ್ಲ, ಬಿಸಿನೀರು ಕೂಡಿಡುವ ಟ್ಯಾಂಕೂ ಇಲ್ಲ. ಕೊಳವೇ ಟ್ಯಾಂಕು. ಈಜುವುದಕ್ಕೆ 26ರಿಂದ 28 ಡಿಗ್ರಿ ಇದ್ದರೆ ಸಾಕು, ಹಾಗಾಗಿ ಶಾಖವನ್ನು ಗಾಜಿನೊಳಗೆ ಕೂಡಿಹಾಕುವ ಅಗತ್ಯವಿಲ್ಲ. ಕಪ್ಪು ಪ್ಲಾಸ್ಟಿಕ್ಕಿನ ಅಥವಾ ರಬ್ಬರಿನ ಸಣ್ಣ ಸಣ್ಣ ಕೊಳವೆಗಳನ್ನು ಚಾಪೆಯಂತೆ ಸಾಲಾಗಿ ಜೋಡಿಸಿದರೆ ಪ್ಯಾನೆಲ್ ಆಯಿತು. ಪ್ಲಾಸ್ಟಿಕ್ ಆದರೆ ಬಹುಪಾಲು ಪಾಲಿಪ್ರೊಪಿಲೀನ್, ರಬ್ಬರ್ ಆದರೆ ಇಪಿಡಿಎಂ. ನೀರು ಒಂದು ಸುತ್ತಿನಲ್ಲಿ ಬಿಸಿಯಾಗುವುದು ಕೆಲವೇ ಡಿಗ್ರಿ. ಆದರೆ ದಿನವಿಡೀ ಸುತ್ತುತ್ತಲೇ ಇರುತ್ತದೆ. ಅದಕ್ಕೇ ಜಾಗ ಜಾಸ್ತಿ ಬೇಕು: ಕೊಳದ ಮೇಲ್ಮೈಯ ಅರ್ಧದಿಂದ ಹಿಡಿದು ಪೂರ್ತಿ ವಿಸ್ತೀರ್ಣದಷ್ಟು ಪ್ಯಾನೆಲ್ ಹಾಕುವುದು ವಾಡಿಕೆ.

ಕೊಳದ ನೀರನ್ನು ಪಂಪು ಎಳೆದುಕೊಳ್ಳುತ್ತದೆ, ಫಿಲ್ಟರ್ ಸೋಸುತ್ತದೆ. ಆಮೇಲೆ ಸಿಗುವುದು ಮೂರು ಬಾಯಿಯ ವಾಲ್ವ್. ಇದು ರಸ್ತೆ ಕವಲಲ್ಲಿ ನಿಂತ ಪೊಲೀಸಿನ ಹಾಗೆ. ನೀರು ನೇರ ಕೊಳಕ್ಕೆ ಹೋಗಬೇಕೋ, ಚಾವಣಿ ಹತ್ತಬೇಕೋ ಎಂದು ಇದು ತೋರಿಸುತ್ತದೆ. ಚಾವಣಿಗೆ ಹೋದ ನೀರು ಪ್ಯಾನೆಲ್‌ನ ಕೆಳ ಅಂಚಿನ ದಪ್ಪ ಪೈಪಿಗೆ ಸೇರಿ, ಸಣ್ಣ ಕೊಳವೆಗಳಲ್ಲಿ ಮೇಲೇರಿ, ಮೇಲಿನ ದಪ್ಪ ಪೈಪಿನಿಂದ ವಾಪಸ್ ಇಳಿಯುತ್ತದೆ. ಈ ದಪ್ಪ ಪೈಪುಗಳಿಗೆ ಹೆಡರ್ ಎನ್ನುತ್ತಾರೆ.

ವಾಲ್ವ್ ತಿರುಗಿಸುವ ಆಜ್ಞೆ ಕೊಡುವುದು ಕಂಟ್ರೋಲರ್ ಎಂಬ ಪೆಟ್ಟಿಗೆ. ಚಾವಣಿಯಲ್ಲಿ ಒಂದು ಸೆನ್ಸರ್, ಕೊಳದ ನೀರಿಗೆ ಇನ್ನೊಂದು. ಚಾವಣಿ ಬಿಸಿಯಾಗಿದೆ, ಕೊಳ ತಣ್ಣಗಿದೆ ಅಂತ ಎರಡೂ ಹೇಳಿದರೆ ನೀರು ಮೇಲೆ ಹೋಗುತ್ತದೆ. ಇನ್ನೆರಡು ಸಣ್ಣ ಸಾಮಾನಿವೆ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಒಂದು, ಚಾವಣಿಯ ಮೇಲ್ತುದಿಯಲ್ಲಿ ಕೂತಿರುವ ವ್ಯಾಕ್ಯೂಮ್ ರಿಲೀಫ್ ವಾಲ್ವ್ ಇನ್ನೊಂದು. ಬೇಸಿಗೆಯಲ್ಲಿ ಇವೆರಡರ ನೆನಪೂ ಯಾರಿಗೂ ಬರುವುದಿಲ್ಲ.

ಹೆಪ್ಪುಗಟ್ಟಿದ ನೀರು ಪೈಪನ್ನು ಒಡೆಯುವುದು ಹೇಗೆ?

ಸಾಮಾನ್ಯವಾಗಿ ವಸ್ತುಗಳು ತಣ್ಣಗಾದಷ್ಟೂ ಕುಗ್ಗುತ್ತವೆ. ನೀರೂ ಕುಗ್ಗುತ್ತದೆ, ಆದರೆ 4 ಡಿಗ್ರಿವರೆಗೆ ಮಾತ್ರ. ಅಲ್ಲಿಂದ ಕೆಳಗೆ ಮತ್ತೆ ಹಿಗ್ಗಲು ಶುರು. ಮಂಜುಗಡ್ಡೆ ಆಗುವಾಗಂತೂ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಒಂದು ಲೀಟರ್ ನೀರು ಗಡ್ಡೆ ಕಟ್ಟಿದರೆ ಹತ್ತಿರ ಹತ್ತಿರ 1.09 ಲೀಟರ್ ಜಾಗ ಕೇಳುತ್ತದೆ. ತುಂಬಿದ ಗಾಜಿನ ಬಾಟಲಿಯನ್ನು ಫ್ರೀಜರ್‌ನಲ್ಲಿ ಮರೆತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಪೈಪಿನೊಳಗೆ ನಡೆಯುವುದು ಬಾಟಲಿಗಿಂತ ಸ್ವಲ್ಪ ಕುತಂತ್ರದ ಕೆಲಸ. ಗಡ್ಡೆ ಕಟ್ಟಿದ ಜಾಗದಲ್ಲೇ ಪೈಪು ಒಡೆಯಬೇಕು ಅಂತೇನಿಲ್ಲ. ಎಲ್ಲೋ ಒಂದು ಕಡೆ ಮೊದಲು ಮಂಜುಗಡ್ಡೆಯ ಬಿರಡೆ ಕೂರುತ್ತದೆ. ಅದರ ಆಚೆ ಒಂದು ಮುಚ್ಚಿದ ವಾಲ್ವ್ ಇದೆ ಅಂದುಕೊಳ್ಳಿ. ಬಿರಡೆಗೂ ವಾಲ್ವ್‌ಗೂ ನಡುವೆ ಇನ್ನೂ ಗಡ್ಡೆಯಾಗದ ನೀರು ಸಿಕ್ಕಿಹಾಕಿಕೊಂಡಿದೆ. ಬಿರಡೆ ಬೆಳೆದಂತೆ ಆ ನೀರನ್ನು ಒತ್ತುತ್ತದೆ. ನೀರು ಒತ್ತಿದರೆ ಕುಗ್ಗುವ ಜಾತಿಯದಲ್ಲ. ಹೋಗಲು ದಾರಿಯೂ ಇಲ್ಲ. ಒತ್ತಡ ಏರಿ ಏರಿ ಕೊನೆಗೆ ದುರ್ಬಲ ಜಾಗ ಬಾಯಿ ಬಿಡುತ್ತದೆ: ಒಂದು ಜಾಯಿಂಟು, ಒಂದು ಬಾಗು, ಹೆಡರಿಗೆ ಸಣ್ಣ ಕೊಳವೆ ಸೇರುವ ಜಾಗ.

ತಮಾಷೆ ಅಂದರೆ, ಆ ಹೊತ್ತಿಗೆ ಏನೂ ಸೋರುವುದಿಲ್ಲ, ಗಡ್ಡೆಯೇ ಬಿರುಕನ್ನು ಮುಚ್ಚಿಕೊಂಡಿರುತ್ತದೆ. ಬೇಸಿಗೆ ಶುರುವಿನಲ್ಲಿ ಪಂಪು ಹಾಕಿದಾಗ ಚಾವಣಿಯಿಂದ ನೀರು ಚಿಮ್ಮುತ್ತದೆ. ಒಡೆದಿದ್ದು ತಿಂಗಳುಗಳ ಹಿಂದೆ, ಗೊತ್ತಾಗುವುದು ಆವತ್ತು.

ಗಾಳಿ 3 ಡಿಗ್ರಿ ಇದ್ದರೂ ಪ್ಯಾನೆಲ್ ಹೆಪ್ಪುಗಟ್ಟಬಹುದಾ?

ಹೌದು, ಹೆಚ್ಚಿನವರು ಎಡವುವುದು ಇಲ್ಲೇ. ಹವಾಮಾನ ವರದಿಯ ಉಷ್ಣಾಂಶವನ್ನು ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ, ಗಾಳಿಯಾಡುವ ನೆರಳಿನ ಪೆಟ್ಟಿಗೆಯೊಳಗೆ ಅಳೆಯುತ್ತಾರೆ. ಅದು ಗಾಳಿಯ ಲೆಕ್ಕ. ಪ್ಯಾನೆಲ್ ಇರುವುದು ಬಯಲಲ್ಲಿ, ಆಕಾಶಕ್ಕೆ ಮುಖ ಮಾಡಿಕೊಂಡು.

ಪ್ರತಿಯೊಂದು ವಸ್ತುವೂ ತನ್ನ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಹೊರಗೆ ಬಿಡುತ್ತಲೇ ಇರುತ್ತದೆ. ಮೋಡ ಕವಿದ ರಾತ್ರಿ ಮೋಡ ಅದರಲ್ಲಿ ಒಂದಷ್ಟನ್ನು ವಾಪಸ್ ಕಳಿಸುತ್ತದೆ, ಕಂಬಳಿ ಹೊದ್ದ ಹಾಗೆ. ಮೋಡವಿಲ್ಲದ ಒಣ ರಾತ್ರಿಯಲ್ಲಿ ಆ ಕಂಬಳಿ ಇರುವುದಿಲ್ಲ. ಪ್ಯಾನೆಲ್‌ನ ಪಾಲಿಗೆ ಆಕಾಶ ಗಾಳಿಗಿಂತ ಹತ್ತಿಪ್ಪತ್ತು ಡಿಗ್ರಿ ತಣ್ಣಗಿರುವ ಗೋಡೆಯ ಹಾಗೆ. ಶಾಖ ಅತ್ತ ಹರಿದುಹೋಗುತ್ತದೆ, ಪ್ಯಾನೆಲ್ ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ಕೆಳಗೆ ಇಳಿಯುತ್ತದೆ. ಥರ್ಮಾಮೀಟರ್ 3 ಡಿಗ್ರಿ ತೋರಿಸಿದ ಬೆಳಗ್ಗೆಯೂ ಕಾರಿನ ಮೇಲೆ ಬಿಳಿ ಹಿಮದ ಪುಡಿ ಕೂತಿರುತ್ತದಲ್ಲ, ಅದೇ ಕತೆ. ಹಗಲಲ್ಲಿ ಬಿಸಿಲನ್ನು ಗಬಗಬ ನುಂಗಲೆಂದೇ ಮಾಡಿದ ತೆಳ್ಳನೆಯ ಅಗಲವಾದ ಕಪ್ಪು ಚಾಪೆ, ರಾತ್ರಿ ಶಾಖವನ್ನು ಅಷ್ಟೇ ಧಾರಾಳವಾಗಿ ಕಳೆದುಕೊಳ್ಳುತ್ತದೆ.

ಅದಕ್ಕೆ ವರದಿಯಲ್ಲಿ ಸೊನ್ನೆ ಕಾಣುವವರೆಗೆ ಕಾಯಬಾರದು. ರಾತ್ರಿ ಉಷ್ಣಾಂಶ 4-5 ಡಿಗ್ರಿಗೆ ಇಳಿಯುವ ಕಾಲ ಬರುವ ಮೊದಲೇ ಕೆಲಸ ಮುಗಿದಿದ್ದರೆ ಒಳ್ಳೆಯದು.

ಪಂಪು ನಿಂತರೆ ನೀರು ತಾನಾಗೇ ಇಳಿಯುವುದಿಲ್ವಾ?

ಸರಿಯಾಗಿ ಕೂರಿಸಿದ ಸಿಸ್ಟಮ್ಮುಗಳಲ್ಲಿ ಹಲವು ಹಾಗೇ ಇಳಿಯುತ್ತವೆ, ಅರೆಬರೆಯಾಗಿಯಾದರೂ. ಇಳಿಯಬೇಕಾದರೆ ಎರಡು ಷರತ್ತು: ಮೇಲಿನಿಂದ ಗಾಳಿ ಒಳಗೆ ಬರಬೇಕು, ಕೆಳಗೆ ದಾರಿ ತೆರೆದಿರಬೇಕು.

ಒಂದು ಸ್ಟ್ರಾವನ್ನು ನೀರಲ್ಲಿ ಅದ್ದಿ, ಮೇಲಿನ ತುದಿಯನ್ನು ಬೆರಳಿಂದ ಒತ್ತಿ ಹಿಡಿದು ಎತ್ತಿ. ನೀರು ಬೀಳುವುದಿಲ್ಲ. ಬೆರಳು ತೆಗೆದರೆ ಜರ್ ಅಂತ ಇಳಿಯುತ್ತದೆ. ಚಾವಣಿ ಮೇಲಿನ ವ್ಯಾಕ್ಯೂಮ್ ರಿಲೀಫ್ ವಾಲ್ವ್ ಮಾಡುವುದು ಬೆರಳು ತೆಗೆಯುವ ಕೆಲಸ. ಪಂಪಿನ ಒತ್ತಡ ಇರುವವರೆಗೆ ಮುಚ್ಚಿಕೊಂಡಿರುತ್ತದೆ. ಒತ್ತಡ ಬಿದ್ದ ಕೂಡಲೇ ತೆರೆದು ಗಾಳಿ ಎಳೆದುಕೊಳ್ಳುತ್ತದೆ. ಅದಕ್ಕೆ ದೂಳೋ ಉಪ್ಪಿನ ಕರೆಯೋ ಹಿಡಿದು ಅಂಟಿಕೊಂಡಿದ್ದರೆ ಕೆಳಗೆ ಎಷ್ಟು ನಲ್ಲಿ ತೆರೆದರೂ ಪ್ರಯೋಜನವಿಲ್ಲ. ಹೊರಗಿನ ಗಾಳಿಯ ಒತ್ತಡ ಸುಮಾರು 10 ಮೀಟರ್ ಎತ್ತರದ ನೀರಿನ ಕಂಬವನ್ನು ಹಿಡಿದು ನಿಲ್ಲಿಸಬಲ್ಲದು. ಎರಡು ಮಹಡಿಯ ಚಾವಣಿ ಅದರೊಳಗೇ ಬಂತು.

ಕೆಳಗಿನ ದಾರಿಯದ್ದು ಬೇರೆ ತಕರಾರು. ಚೆಕ್ ವಾಲ್ವ್ ಇದ್ದರೆ, ಮೇಲೆ ಹೋಗುವ ಪೈಪಿನ ನೀರು ಅದರ ತಲೆಯ ಮೇಲೆ ನಿಂತುಬಿಡುತ್ತದೆ. ಹಿಂದಕ್ಕೆ ಬಿಡದಿರುವುದೇ ಅದರ ಕೆಲಸ. ಆ ನೀರಿಗೆ ಬೇರೆ ಬಾಗಿಲು ಬೇಕು. ಪೈಪಿನ ಅತಿ ತಗ್ಗಿನ ಜಾಗದಲ್ಲಿ ಇರುವ ಡ್ರೈನ್ ವಾಲ್ವ್ ಅದೇ. ಇನ್ನು ಪ್ಯಾನೆಲ್ಲಿಗೆ ಸರಿಯಾದ ಇಳಿಜಾರಿಲ್ಲದಿದ್ದರೆ, ಮಧ್ಯೆ ಎಲ್ಲಾದರೂ ಜೋಲು ಬಿದ್ದಿದ್ದರೆ, ಆ ಹೊಟ್ಟೆಯಲ್ಲಿ ನೀರು ಉಳಿಯುತ್ತದೆ. ಬಟ್ಟೆ ಒಣಗಿಸುವ ಹಗ್ಗ ನಡುವೆ ಜಗ್ಗಿದ ಹಾಗೆ ಪೈಪು ಜಗ್ಗಿದ್ದರೂ ಅಷ್ಟೆ. ನಾನು ಮೊದಲಿಂದ ಹೇಳುತ್ತಿರುವ ಲೋಟ ನೀರು ಹೆಚ್ಚಾಗಿ ಸಿಗುವುದು ಇಂಥ ಕಡೆ.

ಖಾಲಿ ಮಾಡುವ ದಿನ

ಮೊದಲು ಕಂಟ್ರೋಲರ್ ಆಫ್ ಮಾಡಿ. ಮೂರು ಬಾಯಿಯ ವಾಲ್ವ್ ನೀರನ್ನು ನೇರ ಕೊಳಕ್ಕೆ ಕಳಿಸುವಂತೆ ತಿರುಗಿಸಿ. ಪಂಪು ನಿಲ್ಲಿಸಿ. ಪ್ಯಾನೆಲ್ಲಿಗೆ ಹೋಗುವ, ಬರುವ ಎರಡೂ ಪೈಪುಗಳಲ್ಲಿ ಪ್ರತ್ಯೇಕ ವಾಲ್ವ್ ಇದ್ದರೆ ಮುಚ್ಚಿ. ಈಗ ಚಾವಣಿ ಸಿಸ್ಟಮ್ಮು ಕೊಳದಿಂದ ಬೇರೆಯಾಯಿತು.

ಆಮೇಲೆ ತಗ್ಗಿನಲ್ಲಿರುವ ಡ್ರೈನ್ ವಾಲ್ವ್‌ಗಳನ್ನು ತೆರೆಯಿರಿ. ಹೋಗುವ ಪೈಪಿಗೆ ಒಂದು, ಬರುವ ಪೈಪಿಗೆ ಒಂದು ಇದ್ದರೆ ಎರಡನ್ನೂ. ಮೊದಲು ಜೋರಾಗಿ ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಗಳಗಳ ಸದ್ದು ಕೇಳಬೇಕು, ಮೇಲಿಂದ ಗಾಳಿ ಇಳಿಯುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಧಾರೆ ಹೊರಟ ಹಾಗೆ ಹೊರಟು ಥಟ್ಟನೆ ನಿಂತುಹೋದರೆ ಸಂಭ್ರಮಪಡಬೇಡಿ. ಅದು ಖಾಲಿಯಾಗಿದ್ದಲ್ಲ, ಸ್ಟ್ರಾ ಮೇಲೆ ಬೆರಳು ಕೂತಿದ್ದು. ವ್ಯಾಕ್ಯೂಮ್ ರಿಲೀಫ್ ವಾಲ್ವ್‌ನ ಮುಚ್ಚಳ ಬಿಚ್ಚಿ ನೋಡಬೇಕು. ಏಣಿಗೆ ಆಸರೆಯಾಗಿ ಇನ್ನೊಬ್ಬರು ಇರಲಿ. ಒದ್ದೆ ಪ್ಯಾನೆಲ್ ಮೇಲೆ ಕಾಲಿಟ್ಟರೆ ಜಾರುವುದು ಖಂಡಿತ, ಆದ್ದರಿಂದ ಇಡಲೇಬೇಡಿ.

ಪೂರ್ತಿ ಇಳಿಯಿತು ಅಂತ ಗೊತ್ತಾಗುವುದು ಹೇಗೆ? ಬಕೆಟ್ ಲೆಕ್ಕ ನನಗೆ ಇಷ್ಟ. ಒಂದೊಂದು ಪ್ಯಾನೆಲ್‌ನಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೆ ಎಂದು ತಯಾರಕರ ಕೈಪಿಡಿಯಲ್ಲಿ ಬರೆದಿರುತ್ತದೆ. ಪ್ಯಾನೆಲ್ ಸಂಖ್ಯೆಯಿಂದ ಗುಣಿಸಿ. ಹೊರಬಂದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಎಣಿಸಿ. 60 ಲೀಟರ್ ಬರಬೇಕಾದ ಕಡೆ 35 ಲೀಟರ್ ಬಂದರೆ, ಉಳಿದ 25 ಚಾವಣಿ ಮೇಲೇ ಕೂತಿದೆ. ಪೈಪುಗಳಲ್ಲೂ ನೀರು ಇರುವುದರಿಂದ ಲೆಕ್ಕ ಕರಾರುವಾಕ್ಕಾಗಿ ಸಿಗುವುದಿಲ್ಲ, ಆದರೆ ಅರ್ಧಕ್ಕರ್ಧ ಕಡಿಮೆಯಾದರೆ ಸುಳಿವು ಸಿಕ್ಕೇ ಸಿಗುತ್ತದೆ.

ಚಾವಣಿ ಮಟ್ಟಸವಾಗಿದ್ದರೆ ನೀರು ಸುಮ್ನೆ ಇಳಿಯುವುದಿಲ್ಲ. ಆಗ ಪ್ಯಾನೆಲ್‌ಗಳ ನಡುವಿನ ಜೋಡಣೆ ಬಿಚ್ಚಿ, ಒಂದು ತುದಿಯನ್ನು ನಿಧಾನವಾಗಿ ಎತ್ತಿ ಬಗ್ಗಿಸಬೇಕಾಗುತ್ತದೆ. ಅಥವಾ ಗಾಳಿ ಊದಿ ತೆಗೆಯಬೇಕು. ಊದುವುದಕ್ಕೆ ಟೈರಿಗೆ ಗಾಳಿ ತುಂಬುವಂಥ ಕಂಪ್ರೆಸರ್ ಬೇಡ. ಒತ್ತಿ ತುಂಬಿದ ಗಾಳಿ ಸ್ಪ್ರಿಂಗ್ ಇದ್ದ ಹಾಗೆ, ಪ್ಲಾಸ್ಟಿಕ್ ಒಡೆದರೆ ಚೂರುಗಳು ಹಾರುತ್ತವೆ. ಒತ್ತಡ ಕಡಿಮೆ, ಗಾಳಿ ಜಾಸ್ತಿ ಕೊಡುವ ಬ್ಲೋವರ್ ಸಾಕು.

ಇಷ್ಟಾದ ಮೇಲೆ ಡ್ರೈನ್ ವಾಲ್ವ್ ಮುಚ್ಚಬೇಕು ಅನ್ನಿಸುತ್ತದೆ. ಮುಚ್ಚಬೇಡಿ. ಚಳಿಗಾಲ ಮುಗಿಯುವವರೆಗೂ ತೆರೆದೇ ಇರಲಿ. ಚಳಿಯಲ್ಲೂ ಕೊಳದ ಪಂಪು ಓಡಿಸುವವರ ಮೂರು ಬಾಯಿಯ ವಾಲ್ವ್ ಸ್ವಲ್ಪ ಸವೆದಿದ್ದರೆ, ಹನಿಹನಿಯಾಗಿ ನೀರು ಚಾವಣಿ ಪೈಪಿಗೆ ನುಗ್ಗುತ್ತಿರುತ್ತದೆ. ಡ್ರೈನ್ ತೆರೆದಿದ್ದರೆ ಆ ಹನಿ ಹೊರಗೆ ಬೀಳುತ್ತದೆ, ವಾಲ್ವ್ ಸೋರುತ್ತಿದೆ ಎಂದೂ ನಿಮಗೆ ತಿಳಿಯುತ್ತದೆ. ಮುಚ್ಚಿದ್ದರೆ ದಿನಕ್ಕಿಷ್ಟು ಅಂತ ಕೂಡುತ್ತಾ ಹೋಗುತ್ತದೆ. ತೆರೆದ ಬಾಯಿಗೆ ಹುಳ, ಕಣಜ ಹೊಗದಂತೆ ಸಣ್ಣ ಜಾಲರಿ ಕಟ್ಟಿದರೆ ಆಯಿತು.

ಕಂಟ್ರೋಲರ್‌ನ ಒಳ್ಳೆಯ ಬುದ್ಧಿಯಿಂದ ಆಗುವ ಕೆಡುಕು

ಹಲವು ಕಂಟ್ರೋಲರ್‌ಗಳಲ್ಲಿ ಹೆಪ್ಪು ತಡೆಯುವ ವ್ಯವಸ್ಥೆ ಇರುತ್ತದೆ. ಚಾವಣಿ ಸೆನ್ಸರ್ ಸೊನ್ನೆಯ ಹತ್ತಿರ ಬಂದದ್ದು ಕಂಡರೆ ಪಂಪು ಹಾಕಿ, ಕೊಳದ ನೀರನ್ನು ಪ್ಯಾನೆಲ್ ಮೂಲಕ ಓಡಿಸುತ್ತದೆ. ಓಡುವ ನೀರು ನಿಂತ ನೀರಿನಷ್ಟು ಬೇಗ ಗಡ್ಡೆ ಕಟ್ಟುವುದಿಲ್ಲ, ಜೊತೆಗೆ ಕೊಳದ ನೀರಿನ ಶಾಖ ಬರುತ್ತಲೇ ಇರುತ್ತದೆ. ಅಪರೂಪಕ್ಕೆ ಒಂದೆರಡು ರಾತ್ರಿ ಚಳಿ ಬರುವ ಕಡೆ ಇದು ನಡೆಯುತ್ತದೆ.

ಆದರೆ ನೀವು ಕಷ್ಟಪಟ್ಟು ಖಾಲಿ ಮಾಡಿದ್ದೀರಿ, ಕಂಟ್ರೋಲರ್ ಮಾತ್ರ ಆನ್ ಆಗಿಯೇ ಉಳಿದಿದೆ ಅಂದುಕೊಳ್ಳಿ. ವರ್ಷದ ಅತ್ಯಂತ ಚಳಿಯ ರಾತ್ರಿ ಅದಕ್ಕೆ ಕರ್ತವ್ಯ ನೆನಪಾಗುತ್ತದೆ. ಪಂಪಿನಲ್ಲಿ ನೀರಿದ್ದು, ದಾರಿ ಎಲ್ಲೂ ಮುಚ್ಚಿಲ್ಲದಿದ್ದರೆ ಒಣಗಿದ ಪ್ಯಾನೆಲ್ಲಿಗೆ ನೀರು ತುಂಬಿಸಿಬಿಡುತ್ತದೆ. ಆ ಕ್ಷಣದಲ್ಲಿ ಕರೆಂಟು ಹೋದರೆ ಮುಗಿಯಿತು. ಚಳಿ ಗಾಳಿ ಜೋರಾದ ರಾತ್ರಿಗಳಲ್ಲೇ ಕರೆಂಟು ಕೈಕೊಡುವುದು ಜಾಸ್ತಿ, ಅಲ್ವಾ? ಆದ್ದರಿಂದ ಖಾಲಿ ಮಾಡಿದ ಸಿಸ್ಟಮ್ಮಿನ ಕಂಟ್ರೋಲರ್ ಪೂರ್ತಿ ಆಫ್ ಆಗಿರಬೇಕು. ವಾಲ್ವ್ ಮೋಟಾರಿನಿಂದ ತಿರುಗುವಂಥದ್ದಾದರೆ ಅದು ಕೊಳದ ದಿಕ್ಕಿಗೇ ನಿಂತಿದೆಯೇ ಎಂದು ಕಣ್ಣಾರೆ ನೋಡಬೇಕು. ಪೆಟ್ಟಿಗೆಯ ಮೇಲೆ 'ನೀರು ಖಾಲಿ ಇದೆ, ಆನ್ ಮಾಡಬೇಡಿ' ಅಂತ ಒಂದು ಚೀಟಿ ಅಂಟಿಸಿದರೆ ಮನೆಯ ಬೇರೆಯವರಿಗೂ ತಿಳಿಯುತ್ತದೆ.

ಕೈ ತಪ್ಪುವ ಸಣ್ಣ ಜಾಗಗಳು

ಬಾಲ್ ವಾಲ್ವ್ ಎಂಬುದು ನಡುವೆ ತೂತಿರುವ ಗುಂಡು. ಹಿಡಿ ತಿರುಗಿಸಿದರೆ ತೂತು ಪೈಪಿಗೆ ನೇರವಾಗುತ್ತದೆ, ಅಡ್ಡ ತಿರುಗಿಸಿದರೆ ಮುಚ್ಚುತ್ತದೆ. ಮುಚ್ಚಿದಾಗ ಆ ತೂತಿನೊಳಗಿನ ನೀರು ಎರಡೂ ಕಡೆಯಿಂದ ಬಂಧಿ. ಕೆಲವೇ ಚಮಚ ನೀರು, ಆದರೆ ವಾಲ್ವ್‌ನ ಮೈ ಸೀಳಲು ಅಷ್ಟು ಸಾಕು. ಅದಕ್ಕೆ ಎರಡೂ ಕಡೆಯ ಪೈಪು ಖಾಲಿಯಾದ ಮೇಲೆ ಹಿಡಿಯನ್ನು ಅರ್ಧಕ್ಕೆ, ಅಂದರೆ 45 ಡಿಗ್ರಿ ಕೋನದಲ್ಲಿ ಬಿಡುತ್ತಾರೆ. ಒಂದು ಕಡೆ ನೀರು ಇನ್ನೂ ಇದ್ದರೆ ಹೀಗೆ ಬಿಡುವಂತಿಲ್ಲ, ಅದು ನೆನಪಿರಲಿ.

ಪಂಪು ಮತ್ತು ಫಿಲ್ಟರ್ ಕೊಳದ ಲೆಕ್ಕಕ್ಕೆ ಸೇರಿದವು. ಕೊಳವನ್ನೂ ಮುಚ್ಚುವುದಾದರೆ ಅವುಗಳ ತಳದ ಬಿರಡೆ ಬಿಚ್ಚಿ ನೀರು ತೆಗೆಯಬೇಕು. ಬಿಚ್ಚಿದ ಬಿರಡೆಗಳನ್ನು ಪಂಪಿನ ಜಾಲರಿ ಬುಟ್ಟಿಯಲ್ಲೇ ಹಾಕಿಟ್ಟರೆ ಮತ್ತೆ ಹುಡುಕಾಟ ಇಲ್ಲ.

ಪ್ಯಾನೆಲ್ಲಿಗೆ ಆ್ಯಂಟಿಫ್ರೀಜ್, ಅಂದರೆ ನೀರು ಹೆಪ್ಪುಗಟ್ಟದಂತೆ ಬೆರೆಸುವ ದ್ರವ, ಹಾಕಬಹುದಾ ಅಂತ ಕೇಳುವವರಿದ್ದಾರೆ. ಇಲ್ಲಿ ಹರಿಯುವುದು ಕೊಳದ್ದೇ ನೀರು, ಹಾಕಿದ್ದೆಲ್ಲ ಕೊನೆಗೆ ಕೊಳಕ್ಕೆ ಬರುತ್ತದೆ. ಕಾರಿಗೆ ಹಾಕುವ ಬಗೆಯಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ. ಚೆನ್ನಾಗಿ ಖಾಲಿಯಾದ ಪ್ಯಾನೆಲ್ಲಿಗೆ ಅದರ ಹಂಗೂ ಇಲ್ಲ.

ಖಾಲಿ ಪ್ಯಾನೆಲ್ ಹಗುರ, ಗಾಳಿ ಅದನ್ನು ಸುಲಭವಾಗಿ ಎತ್ತುತ್ತದೆ. ಕಟ್ಟಿದ ಪಟ್ಟಿಗಳು ಬಿಗಿಯಾಗಿವೆಯೇ ಅಂತ ಇದೇ ಹೊತ್ತಿನಲ್ಲಿ ನೋಡಿಬಿಡಿ. ಮೇಲೆ ಹಿಮ ಬಿದ್ದರೆ ಬಿದ್ದಿರಲಿ. ಚಳಿಯಲ್ಲಿ ಪ್ಲಾಸ್ಟಿಕ್ ಪೆಡಸಾಗಿರುತ್ತದೆ. ಸಲಿಕೆ ತಗುಲಿದರೆ ಹಿಮ ಮಾಡದ ಹಾನಿಯನ್ನು ಸಲಿಕೆ ಮಾಡುತ್ತದೆ.

ಗಾಜಿನ ಪ್ಯಾನೆಲ್ ಇದ್ದರೆ

ಕೆಲವು ಕೊಳಗಳಿಗೆ ಗಾಜು ಮುಚ್ಚಿದ ಪ್ಯಾನೆಲ್ ಅಥವಾ ಗಾಳಿ ತೆಗೆದ ಗಾಜಿನ ಕೊಳವೆಗಳನ್ನು ಹಾಕಿರುತ್ತಾರೆ. ಇವಕ್ಕೆ ಮೇಲಿನ ಮಾತು ಹಾಗೇ ಅನ್ವಯಿಸುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ಬೇರೆಯದೇ ಮುಚ್ಚಿದ ಸುತ್ತಿನಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಎಂಬ ಆ್ಯಂಟಿಫ್ರೀಜ್ ಬೆರೆಸಿದ ನೀರು ಓಡಿಸಿ, ಶಾಖವನ್ನಷ್ಟೇ ಕೊಳಕ್ಕೆ ದಾಟಿಸುತ್ತವೆ. ಅದನ್ನು ಖಾಲಿ ಮಾಡುವುದಿಲ್ಲ, ಎಷ್ಟು ಚಳಿವರೆಗೆ ತಡೆಯುತ್ತದೆ ಎಂದು ಪರೀಕ್ಷಿಸುತ್ತಾರೆ. ಇವು ನೀರು ಓಡದೆ ಬಿಸಿಲಿಗೆ ನಿಂತರೆ ಚಳಿಗಾಲದಲ್ಲೂ ವಿಪರೀತ ಕಾಯುತ್ತವೆ. ಗಾಳಿ ತೆಗೆದ ಕೊಳವೆಗಳು 200 ಡಿಗ್ರಿಯನ್ನೂ ದಾಟಬಲ್ಲವು. ಈ ಬಗೆಗೆ ಹಾಕಿದವರನ್ನೇ ಕರೆಸುವುದು ವಾಸಿ.

ಹೆಪ್ಪುಗಟ್ಟುವಷ್ಟು ಚಳಿಯೇ ಇಲ್ಲದಿದ್ದರೆ

ಆಗ ಖಾಲಿ ಮಾಡಲೇಬೇಕು ಅಂತಿಲ್ಲ. ಆದರೆ ಒಂದು ಎಚ್ಚರ ಬೇಕು: ಕಂಟ್ರೋಲರ್ ಇಲ್ಲದೆ ಕೈಯಿಂದಲೇ ವಾಲ್ವ್ ತಿರುಗಿಸುವ ಸಿಸ್ಟಮ್ಮಿನಲ್ಲಿ ನೀರು ರಾತ್ರಿಯೂ ಚಾವಣಿ ಸುತ್ತುತ್ತಿದ್ದರೆ, ಹೀಟರ್ ಹೋಗಿ ಕೂಲರ್ ಆಗುತ್ತದೆ. ಬಳಸುವುದಿಲ್ಲ ಎಂದಾದರೆ ನೀರು ಅಲ್ಲೇ ನಿಂತು ಕೊಳೆಯದಂತೆ ಆಗಾಗ ಸ್ವಲ್ಪ ಹೊತ್ತು ಓಡಿಸುವುದು ಅಥವಾ ಇಳಿಸಿಬಿಡುವುದು, ಎರಡರಲ್ಲಿ ಒಂದು.

ಮತ್ತೆ ಶುರು ಮಾಡುವಾಗ

ಕೊನೆಯ ಹಿಮದ ರಾತ್ರಿ ಕಳೆಯಿತು ಅಂತ ಖಾತ್ರಿಯಾದ ಮೇಲೆ ಡ್ರೈನ್ ಮುಚ್ಚಿ, ಬಿಚ್ಚಿದ ಜೋಡಣೆ, ಮುಚ್ಚಳ ಎಲ್ಲ ಸೇರಿಸಿ. ಪ್ಯಾನೆಲ್ ಬಿಸಿಲಿಗೆ ಕಾದಿರದ ಬೆಳಗಿನ ಹೊತ್ತು ಆರಿಸಿಕೊಳ್ಳಿ. ಪಂಪು ಹಾಕಿ, ವಾಲ್ವ್ ಅನ್ನು ಒಮ್ಮೆಲೇ ತಿರುಗಿಸದೆ ನಿಧಾನವಾಗಿ ಚಾವಣಿ ಕಡೆಗೆ ಬಿಡಿ. ಕೊಳಕ್ಕೆ ನೀರು ಬರುವ ಬಾಯಿಯಲ್ಲಿ ಗುಳ್ಳೆಗಳು ಭರ್ರನೆ ಏಳುತ್ತವೆ. ಪೈಪಿನಲ್ಲಿದ್ದ ಗಾಳಿ ಅದು, ಕೆಲವು ನಿಮಿಷದಲ್ಲಿ ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ವ್ಯಾಕ್ಯೂಮ್ ರಿಲೀಫ್ ವಾಲ್ವ್ ಸರಿಯಾಗಿ ಮುಚ್ಚಿಕೊಂಡಿದೆಯೇ ಎಂದು ಮೊದಲು ನೋಡಿ.

ಒಂದಷ್ಟು ಹೊತ್ತು ಕೆಳಗೆ ನಿಂತು ಚಾವಣಿ ಅಂಚಿನಿಂದ ಹನಿ ಬೀಳುತ್ತಿದೆಯೇ ಗಮನಿಸಿ. ಮಧ್ಯಾಹ್ನದ ಬಿಸಿಲಿಗೆ ಕೈ ಎಟಕುವ ಕಡೆ ಪ್ರತಿ ಪ್ಯಾನೆಲ್ಲನ್ನೂ ಮುಟ್ಟಿ ನೋಡಿ. ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿದೆ, ಶಾಖವನ್ನೆಲ್ಲ ನೀರು ಹೊತ್ತುಕೊಂಡು ಹೋಗುತ್ತಿದೆ. ಅಕ್ಕಪಕ್ಕದವು ತಣ್ಣಗಿದ್ದು ಒಂದು ಮಾತ್ರ ಕೈ ಸುಡುತ್ತಿದ್ದರೆ ಅದರೊಳಗೆ ನೀರು ಓಡುತ್ತಿಲ್ಲ.